ಮಣಿಸಾಲಿನ ಬಿರುಕು: ರಿಟರ್‌ಕ್ರಾಯ್ಟ್ಸ್ ಪದಕದ ಕಾಲನಿರ್ಣಯದಲ್ಲಿ 1957ರ ಶಿಲುಬೆಯ ಸಾಕ್ಷ್ಯ

ಜರ್ಮನಿಯ ಲ್ಯೂಡೆನ್‌ಶೈಡ್‌ನಲ್ಲಿರುವ ಸ್ಟೈನ್‌ಹೌವರ್ ಉಂಟ್ ಲ್ಯುಕ್ ಕಾರ್ಖಾನೆಯ ರಿಟರ್‌ಕ್ರಾಯ್ಟ್ಸ್‌ಗಳಲ್ಲಿ, ಅಂದರೆ ಐರನ್ ಕ್ರಾಸ್ ವರ್ಗದ ನೈಟ್ಸ್ ಕ್ರಾಸುಗಳಲ್ಲಿ, ಬೆಳ್ಳಿಯ ಅಂಚಿನ ಮೇಲೆ ಕೆಲವೆಡೆ ಸಣ್ಣ ಉಬ್ಬುಗಳು ಕಾಣುತ್ತವೆ. ಇವುಗಳ ಬಗ್ಗೆ ಇದುವರೆಗೆ ಎರಡು ತೀರ್ಪು ಬಂದಿವೆ, ಒಂದಕ್ಕೊಂದು ನೇರ ವಿರುದ್ಧ. ಈ ಉಬ್ಬು ಕಾರ್ಖಾನೆಯ ಹೆಬ್ಬೆಟ್ಟಿನ ಗುರುತು, ಇದ್ದರೆ ಪದಕ ಅಸಲಿ ಎಂದದ್ದು ಮೊದಲ ತಲೆಮಾರಿನ ಸಂಗ್ರಹಕಾರರು. ಇದು ಯುದ್ಧಾನಂತರದ ತಯಾರಿಕೆಯ ಗುರುತು, ಇದ್ದರೆ ಪದಕವನ್ನು ಕಸದ ಬುಟ್ಟಿಗೆ ಹಾಕಿ ಎಂದದ್ದು ಅವರ ಶಿಷ್ಯರು. ಗುರುಗಳು ನಂಬಿ ಕೆಟ್ಟರು, ಶಿಷ್ಯರು ಸಂಶಯಪಟ್ಟು ಕೆಟ್ಟರು. ಎರಡೂ ಪಕ್ಷದವರು ಕೇಳಿದ್ದು ಅಸಲಿಯೋ ನಕಲಿಯೋ ಎಂಬ ಒಂದೇ ಪ್ರಶ್ನೆ. ಆ ಉಬ್ಬಿಗೆ ಉತ್ತರಿಸಲು ಬರುವ ಪ್ರಶ್ನೆ ಅದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ಮಾತ್ರ ಅದು ಬಾಯಿ ಬಿಡುತ್ತದೆ. ಆ ಪ್ರಶ್ನೆಗೆ ಬೇಕಾದ ಆಧಾರವಸ್ತು ಎರಡೂ ಪಕ್ಷದವರ ಕಣ್ಣೆದುರಿಗೇ ಇತ್ತು. ಅದರ ಬೆಲೆ ಕಡಿಮೆಯಾದ್ದರಿಂದ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಪದಕದ ಇತಿಹಾಸ ಓದುಗರಿಗೆ ಗೊತ್ತಿದ್ದದ್ದೇ. 1813ರ ಮಾರ್ಚ್ 10ರ ತಾರೀಖಿನ ಪ್ರಷ್ಯದ ಶಾಸನದಿಂದ ಹಿಡಿದು 1870, 1914, 1939ರ ಪುನರಾರಂಭಗಳ ತನಕದ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ರಚನೆಯ ಒಂದು ಅಂಶವನ್ನು ಮಾತ್ರ ನೆನಪಿಸಬೇಕು. ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್‌ನ ಕಾಲದಲ್ಲಿ ವಾಸ್ತುಶಿಲ್ಪಿ ಶಿಂಕೆಲ್ ಕೈಯಲ್ಲಿ ರೂಪ ಪಡೆದ ಶಿಲುಬೆಗೆ ಮೂರು ಭಾಗ: ನಡುವೆ ಎರಕದ ಕಬ್ಬಿಣದ ತಿರುಳು, ಅದನ್ನು ಮುಂದಿನಿಂದಲೂ ಹಿಂದಿನಿಂದಲೂ ಅಪ್ಪಿ ಹಿಡಿಯುವ ಎರಡು ಬೆಳ್ಳಿಯ ಚೌಕಟ್ಟು. ಈ ರಚನೆ ಮುಂದಿನ ಅವತಾರಗಳಿಗೂ ಸಾಗಿ ಬಂತು. 1939ರ ಸೆಪ್ಟೆಂಬರ್ 1ರಂದು ಹುಟ್ಟಿದ ರಿಟರ್‌ಕ್ರಾಯ್ಟ್ಸ್, ಕೊರಳಿಗೆ ಕಟ್ಟುವ ಸುಮಾರು 48 ಮಿಲಿಮೀಟರ್ ಅಗಲದ ಶಿಲುಬೆ, ಇದೇ ಮೂರು ಭಾಗದ್ದು. ವರ್ಷ, ಲಾಂಛನ ಎಲ್ಲ ಇರುವುದು ತಿರುಳಿನ ಮೇಲೆ. ಚೌಕಟ್ಟಿನ ಮೇಲೆ ಅಕ್ಷರವಿಲ್ಲ, ಚಿಹ್ನೆಯಿಲ್ಲ. ಹೊರಗೆ ಸಪಾಟಾದ ಅಂಚು, ಒಳಗೆ ಸಣ್ಣ ಸಣ್ಣ ಮಣಿಗಳ ಸಾಲು, ಅಷ್ಟೆ. ಹಿಂದುಗಡೆ ಬೆಳ್ಳಿಯ ಶುದ್ಧತೆಯ ಮುದ್ರೆ, 800 ಎಂದೋ 935 ಎಂದೋ. ಕೆಲವದರಲ್ಲಿ ಪಕ್ಕದಲ್ಲೇ ತಯಾರಕರ ಸಂಖ್ಯೆ. ಈ ಕಾರ್ಖಾನೆಯದು 4.

ಈಗ ಉಬ್ಬಿನ ಸಂಗತಿ. ಚೌಕಟ್ಟನ್ನು ಎರಕ ಹೊಯ್ಯುವುದಿಲ್ಲ. ಬೆಳ್ಳಿಯ ತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಒತ್ತುಯಂತ್ರದಿಂದ ಒತ್ತುತ್ತಾರೆ. ಸಾವಿರಾರು ಸಲ ಒತ್ತಡ ತಿಂದ ಅಚ್ಚು ಎಲ್ಲಿಯೋ ಒಂದು ಕಡೆ ಬಿರಿಯುತ್ತದೆ. ಮಣಿಯ ಗುಂಡಿ ಮತ್ತು ಅದರ ಪಕ್ಕದ ಗುಂಡಿಯ ನಡುವಿನ ಗೋಡೆ ತೆಳು, ಬಿರುಕು ಬಿಡುವುದು ಅಲ್ಲೇ ಹೆಚ್ಚು. ಮುಂದಿನ ಸಲ ಒತ್ತಿದಾಗ ಬೆಳ್ಳಿ ಆ ಬಿರುಕಿನೊಳಕ್ಕೂ ನುಗ್ಗುತ್ತದೆ. ಅಚ್ಚಿನಲ್ಲಿ ತಗ್ಗಾದದ್ದು ಚೌಕಟ್ಟಿನ ಮೇಲೆ ಉಬ್ಬಾಗಿ ಬರುತ್ತದೆ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳದೆ ಮುಂದಿನ ವಾದವನ್ನು ಹಿಡಿಯಲು ಬರುವುದಿಲ್ಲ. ಪದಕ ಕೆಳಗೆ ಬಿದ್ದೋ, ಅಂಗಿಯ ಗುಂಡಿಗೆ ಉಜ್ಜಿಯೋ ಆದ ಗಾಯ ಯಾವಾಗಲೂ ತಗ್ಗು, ಬೆಳ್ಳಿ ಅಲ್ಲಿ ಕಳೆದುಹೋಗಿರುತ್ತದೆ. ಅಚ್ಚಿನ ಬಿರುಕು ಯಾವಾಗಲೂ ಉಬ್ಬು, ಬೆಳ್ಳಿ ಅಲ್ಲಿ ಹೆಚ್ಚಿರುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಉಬ್ಬು ತನ್ನ ಮಗ್ಗುಲಿಗೆ ನೆರಳು ಚೆಲ್ಲುತ್ತದೆ, ಗೀರು ನೆರಳನ್ನು ತನ್ನೊಳಗೇ ತುಂಬಿಕೊಂಡಿರುತ್ತದೆ. ಬಿರುಕು ಎಳೆಯದಿದ್ದಾಗ ಎರಡು ಮಣಿಗಳ ನಡುವೆ ಕೂದಲೆಳೆಯಂಥ ಸೇತುವೆ. ಬಲಿತ ಮೇಲೆ ಎರಡು ಮಣಿ ಒಂದಾಗಿ ಕೂಡಿಕೊಂಡಂತಿರುತ್ತವೆ. ಇನ್ನೂ ಮುಂದೆ ಹೋದರೆ ಉಬ್ಬು ಸಾಲನ್ನು ದಾಟಿ ಅಂಚಿನ ಕಡೆಗೆ ಹರಿಯುತ್ತದೆ.

ಮೊದಲ ತಲೆಮಾರಿನ ಓದಿನಲ್ಲಿ ಅರ್ಧ ಸತ್ಯವಿತ್ತು. ಬೇರೆ ಬೇರೆ ಕಡೆ ಸಿಕ್ಕ ಶಿಲುಬೆಗಳಲ್ಲಿ ಅದೇ ಜಾಗದಲ್ಲಿ, ಅದೇ ಮಣಿಗಳ ನಡುವೆ ಉಬ್ಬು ಕಂಡರೆ ಅವೆಲ್ಲ ಒಂದೇ ಅಚ್ಚಿನವು ಎಂಬ ಅವರ ತರ್ಕ ಗಟ್ಟಿ. ಆ ಅಚ್ಚು ಕಾರ್ಖಾನೆಯದೇ, ಇದೂ ಸರಿ. ಜಾರಿದ್ದು ಮೂರನೆಯ ಹೆಜ್ಜೆಯಲ್ಲಿ. ಅಚ್ಚು ಯುದ್ಧಕಾಲದ್ದಾದ್ದರಿಂದ ಅದರಿಂದ ಬಂದ ಚೌಕಟ್ಟೂ ಯುದ್ಧಕಾಲದ್ದೇ ಎಂದು ಗ್ರಹಿಸಿದರು. ಅಚ್ಚಿಗೆ ಯುದ್ಧ ಮುಗಿದದ್ದು ತಿಳಿಯುವುದಿಲ್ಲ. ಮಿತ್ರಪಕ್ಷಗಳ ನಿಯಂತ್ರಣ ಮಂಡಳಿ 1945ರ ನವೆಂಬರ್ 30ರ ತನ್ನ 8ನೇ ಕಾನೂನಿನಲ್ಲಿ ಜರ್ಮನ್ ಸೇನಾ ಪದಕಗಳನ್ನು ಧರಿಸುವುದನ್ನು ನಿಷೇಧಿಸಿತು, ನಿಜ. ಅದರಿಂದ ಉಕ್ಕಿನ ಅಚ್ಚು ಕರಗಿಹೋಗಲಿಲ್ಲ. ಕಾರ್ಖಾನೆಯೂ ಮುಚ್ಚಲಿಲ್ಲ, 1951ರಲ್ಲಿ ಆರಂಭವಾದ ಪಶ್ಚಿಮ ಜರ್ಮನಿಯ ನಾಗರಿಕ ಗೌರವ ಬುಂಡೆಸ್‌ಫರ್ಡೀನ್ಸ್‌ಟ್‌ಕ್ರಾಯ್ಟ್ಸ್ ಅನ್ನು ಮಾಡಿಕೊಟ್ಟವರಲ್ಲಿ ಇದೇ ಸ್ಟೈನ್‌ಹೌವರ್ ಉಂಟ್ ಲ್ಯುಕ್ ಸಂಸ್ಥೆಯೂ ಒಂದು.

ಶಿಷ್ಯರ ತಪ್ಪು ಇದಕ್ಕಿಂತ ಬಿಗಿಯಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು. ಬಲಿತ ಬಿರುಕುಳ್ಳ ಕೆಲವು ಶಿಲುಬೆಗಳು ಯುದ್ಧಾನಂತರದವು ಎಂದು ತೋರಿದ ಕೂಡಲೇ, ಬಿರುಕಿನ ಸುಳಿವಿದ್ದದ್ದನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವ ಚಾಳಿ ಶುರುವಾಯಿತು. ಕನ್ನಡದ ಶಾಸನಾಧ್ಯಯನದಲ್ಲಿ ನಮಗೆ ಈ ಚಾಳಿ ಹೊಸದಲ್ಲ. ಗಂಗರ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದೂ, ರೈಸ್ ಅವುಗಳ ಪರ ನಿಂತದ್ದೂ, ಮುಂದೆ ಅವುಗಳನ್ನು ಒಂದೊಂದಾಗಿ ನೋಡಿದಾಗ ಕೆಲವು ಉಳಿದು ಕೆಲವು ಬಿದ್ದದ್ದೂ ಎಲ್ಲರಿಗೂ ಗೊತ್ತು. ಫ್ಲೀಟ್ ದೊಡ್ಡ ವಿದ್ವಾಂಸ. ಅವನ ಪಾಂಡಿತ್ಯದ ಲವಲೇಶವೂ ಇಲ್ಲದ ಕೆಲವು ಹರಾಜು ಪಟ್ಟಿಯ ಬರಹಗಾರರು ಅವನ ಅವಸರವನ್ನು ಮಾತ್ರ ಎರವಲು ಪಡೆದಿದ್ದಾರೆ.

ಇನ್ನು ಅಲಕ್ಷಿತ ಸಾಕ್ಷ್ಯಕ್ಕೆ ಬರೋಣ.

1957ರ ಜುಲೈ 26ರಂದು ಪಶ್ಚಿಮ ಜರ್ಮನಿ ಬಿರುದು, ಪದಕ, ಗೌರವಚಿಹ್ನೆಗಳ ಕಾನೂನನ್ನು ಮಾಡಿತು. ಯುದ್ಧಕಾಲದಲ್ಲಿ ಪದಕ ಪಡೆದವರು ಅದನ್ನು ಮತ್ತೆ ಧರಿಸಬಹುದು, ಆದರೆ ನಾತ್ಸಿ ಲಾಂಛನ ಇರಕೂಡದು. ತಯಾರಕರು ಹೊಸ ರೂಪಗಳನ್ನು ಮಾಡಿದರು. ರಿಟರ್‌ಕ್ರಾಯ್ಟ್ಸ್‌ನಲ್ಲಿ ಸ್ವಸ್ತಿಕವಿದ್ದ ಜಾಗಕ್ಕೆ 1813ರ ಶಿಲುಬೆಯಿಂದ ಎತ್ತಿಕೊಂಡ ಮೂರು ಓಕ್ ಎಲೆಗಳ ಗೊಂಚಲು ಬಂತು. ಕೆಳಗೆ 1939 ಎಂಬ ವರ್ಷ ಹಾಗೇ ಉಳಿಯಿತು. ಇದನ್ನೇ ಸಂಗ್ರಹಕಾರರು 57ರದ್ದು ಎಂದು ಮೂಗು ಮುರಿದು ಪಕ್ಕಕ್ಕೆ ಸರಿಸುವುದು. ಅವರ ಪಾಲಿಗೆ ಇದು ಬದಲಿ ಪದಕ, ಯುದ್ಧ ನೋಡದ ಪದಕ, ಎರಡನೆಯ ದರ್ಜೆಯ ಸರಕು. ಬೆಲೆಯೂ ಹಾಗೆಯೇ.

ಕಾನೂನು ಬದಲಿಸಿದ್ದು ಏನನ್ನು ಎಂದು ನೋಡಿ. ತಿರುಳನ್ನು ಮಾತ್ರ. ಚೌಕಟ್ಟಿನ ಮೇಲೆ ನಿಷೇಧಿಸಲು ಏನೂ ಇರಲಿಲ್ಲ, ಆದ್ದರಿಂದ ಚೌಕಟ್ಟಿನ ಅಚ್ಚನ್ನು ಬದಲಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಟ್ಯಾಂಕ್ ಪಡೆಯ ಬ್ಯಾಡ್ಜ್‌ನ ಹಾಗಲ್ಲ ಇದು: ಅಲ್ಲಿ ಹದ್ದು, ಸ್ವಸ್ತಿಕ ಎಲ್ಲ ಒಂದೇ ಅಚ್ಚಿನಲ್ಲಿದ್ದವು, ಆ ಅಚ್ಚನ್ನು ಇದ್ದ ಹಾಗೇ ಬಳಸುವಂತಿರಲಿಲ್ಲ. ರಿಟರ್‌ಕ್ರಾಯ್ಟ್ಸ್‌ನ ಚೌಕಟ್ಟು ಮಾತ್ರ ಎರಡೂ ರಾಜ್ಯವ್ಯವಸ್ಥೆಗಳನ್ನು ದಾಟಿ ಬಂತು. ಲ್ಯೂಡೆನ್‌ಶೈಡ್‌ನ ಬಿರುಕುಬಿಟ್ಟ ಅಚ್ಚು 57ರ ಶಿಲುಬೆಯ ಬೆಳ್ಳಿಯ ಮೇಲೂ ಅದೇ ಮಣಿಗಳ ನಡುವೆ ತನ್ನ ಉಬ್ಬನ್ನು ಬಿಟ್ಟಿದೆ. ಇಡೀ ಸರಣಿಯಲ್ಲಿ ಕಾಲ ನಿಶ್ಚಿತವಾಗಿರುವ ತುಣುಕು ಅದೊಂದೇ. ಸ್ವಸ್ತಿಕವಿರುವ ಶಿಲುಬೆ 1939ರಿಂದ ಯಾವ ವರ್ಷದ್ದಾದರೂ ಆಗಿರಬಹುದು, ನಿನ್ನೆಯದೂ ಆಗಿರಬಹುದು. ಓಕ್ ಎಲೆಯ ತಿರುಳುಳ್ಳದ್ದು 1957ಕ್ಕೆ ಮೊದಲಿನದಾಗಲು ಸಾಧ್ಯವಿಲ್ಲ. ಕಾಲಮಿತಿಯನ್ನು ಮೈಮೇಲೆ ಬರೆದುಕೊಂಡು ಬಂದ ಸಾಕ್ಷಿಯನ್ನು ಅಗ್ಗವೆಂದು ಹೊರಗೆ ನಿಲ್ಲಿಸಿ, ಬಾಯಿಲ್ಲದ ಸಾಕ್ಷಿಗಳನ್ನು ಸಾಲಾಗಿ ಕೂರಿಸಿಕೊಂಡು ವಿಚಾರಣೆ ನಡೆಸಿದ ಹಾಗಾಯಿತು.

ವಾದ ಹೀಗೆ ನಿಲ್ಲುತ್ತದೆ. ಉಕ್ಕಿನ ಬಿರುಕು ತಾನಾಗಿ ಮಾಯುವುದಿಲ್ಲ, ಬೆಳೆಯುತ್ತದೆ. ಹಾಗಾಗಿ ಒಂದೇ ಅಚ್ಚಿನ ಚೌಕಟ್ಟುಗಳನ್ನು ಬಿರುಕಿನ ಬೆಳವಣಿಗೆಯಂತೆ ಸಾಲಾಗಿ ಜೋಡಿಸಿದರೆ ಅದೇ ಅವುಗಳನ್ನು ಒತ್ತಿದ ಕ್ರಮ. ನಾಣ್ಯಶಾಸ್ತ್ರದಲ್ಲಿ ಅಚ್ಚುಗಳ ಸಾಲು ಹಿಡಿಯುವ ಪದ್ಧತಿ ಹಳೆಯದು. (ಕೊಸಾಂಬಿಯವರು ತಕ್ಷಶಿಲೆಯ ಮುದ್ರಾಂಕಿತ ನಾಣ್ಯಗಳ ತೂಕ ಹಿಡಿದು, ಸವೆತದಿಂದ ಕಾಲಕ್ರಮ ಕಟ್ಟಲು ಹೊರಟದ್ದು ಬೇರೆ ದಾರಿ. ಅದು ಚಲಾವಣೆಯ ಸವೆತ, ಇದು ಅಚ್ಚಿನ ಸವೆತ. ಆದರೂ ವಸ್ತುವಿನ ಹಾಳಾಗುವಿಕೆಯನ್ನೇ ಗಡಿಯಾರ ಮಾಡಿಕೊಳ್ಳುವ ಧೈರ್ಯವನ್ನು ನನ್ನಂಥವರು ಕಲಿತದ್ದು ಅವರಿಂದಲೇ.) ಈ ಸಾಲಿನೊಳಗೆ 57ರ ಶಿಲುಬೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿ. ಅವುಗಳಲ್ಲಿ ಬಿರುಕು ಅತಿ ಎಳೆಯದಾಗಿರುವ ತುಣುಕನ್ನು ಗಡಿಕಲ್ಲು ಎಂದುಕೊಳ್ಳಿ. ಸ್ವಸ್ತಿಕವುಳ್ಳ ಶಿಲುಬೆಯೊಂದರ ಬಿರುಕು ಆ ಗಡಿಕಲ್ಲಿಗಿಂತ ಬಲಿತಿದ್ದರೆ ಅದರ ಚೌಕಟ್ಟು 1957ರ ಈಚಿನದು. ಅಲ್ಲಿ ಮುದ್ರೆ, ವಂಶಾವಳಿ, ಮಾರಿದವನ ಪ್ರಾಮಾಣಿಕತೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಶಿಲುಬೆಗಳು ಇವೆ, ಸಂಗ್ರಹಗಳಲ್ಲಿ ಬಹಳ ವರ್ಷ ಗೌರವದ ಸ್ಥಾನದಲ್ಲೇ ಇದ್ದವು. ಆ ಚೌಕಟ್ಟಿಗೆ ಸ್ವಸ್ತಿಕದ ತಿರುಳನ್ನು ಯಾರು, ಎಲ್ಲಿ ಕೂಡಿಸಿದರು ಎಂಬುದು ಈ ಲೇಖನದ ವ್ಯಾಪ್ತಿಯದಲ್ಲ. ಬೆಳ್ಳಿ ಹೇಳುವುದು ಕಾಲವನ್ನು, ಕೈಯನ್ನಲ್ಲ.

ಗಡಿಕಲ್ಲಿನ ಈಚೆ ಬಿದ್ದವುಗಳ ತೀರ್ಪು ಸುಲಭ. ಆಚೆ ಬಿದ್ದವುಗಳದೇ ತಕರಾರು, ಅಲ್ಲಿ ನನ್ನ ಪಕ್ಷದವರೂ ಎಡವುತ್ತಾರೆ. ಬಿರುಕು 57ರ ತುಣುಕುಗಳಿಗಿಂತ ಎಳೆಯದು, ಆದ್ದರಿಂದ ಪದಕ ಯುದ್ಧಕಾಲದ್ದು ಎಂದು ಬರೆದುಬಿಡುತ್ತಾರೆ. ಅದು ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು ಗಡಿಕಲ್ಲಿನ ತುಣುಕಿಗಿಂತ ಮೊದಲಿನದು ಎಂಬಷ್ಟೇ. 1945ರ ಮೇ ತಿಂಗಳಿಗೂ ಕಾನೂನು ಬಂದ ಜುಲೈಗೂ ನಡುವೆ ಹನ್ನೆರಡು ವರ್ಷದ ಅಂತರವಿದೆ. ಸ್ಮರಣಿಕೆಗೆ ಹಾತೊರೆಯುತ್ತಿದ್ದ ವಿಜಯಿ ಸೈನಿಕರೂ, ಉಳಿದುಹೋದ ಬಿಡಿಭಾಗಗಳೂ ಒಂದೇ ದೇಶದಲ್ಲಿದ್ದ ಕಾಲ ಅದು. ಈ ಅಂತರವನ್ನು ಮುಚ್ಚಲು ಇನ್ನೊಂದು ಗಡಿಕಲ್ಲು ಬೇಕು: 1945ರ ಮೇ ಹೊತ್ತಿಗೆ ವಶವಾಗಿ, ಅಂದಿನಿಂದ ಕೈ ಬದಲಿಸದೆ ಉಳಿದ, ದಾಖಲೆಯಿರುವ ತುಣುಕು. ಸಾಲ್ಜ್‌ಬರ್ಗ್ ಬಳಿಯ ಕ್ಲೆಸ್‌ಹೈಮ್ ಅರಮನೆಯಲ್ಲಿದ್ದ ಪದಕಗಳ ದಾಸ್ತಾನು ಅಮೆರಿಕನ್ ಸೈನಿಕರ ಕೈಸೇರಿತು. ಅಂಥ ಮೂಲದಿಂದ ನೇರವಾಗಿ ಬಂದ ತುಣುಕು ಚಿನ್ನದಂಥ ಆಧಾರ. ಆದರೆ ಕ್ಲೆಸ್‌ಹೈಮ್ ಎಂಬ ಹೆಸರೇ ಈಗ ಬೆಲೆ ಏರಿಸುವ ಮಂತ್ರವಾಗಿದೆ. ಆ ಅರಮನೆಯಿಂದ ಬಂದವೆಂದು ಹೇಳಲಾದ ಪದಕಗಳನ್ನೆಲ್ಲ ಒಟ್ಟಿದರೆ ಅರಮನೆ ಸಾಲದೇ ಹೋದೀತು.

ಆಕ್ಷೇಪಗಳಲ್ಲಿ ಎರಡಕ್ಕೆ ಉತ್ತರ ಕೊಡಬೇಕು. ಅಚ್ಚನ್ನು ದುರಸ್ತಿ ಮಾಡಿದ್ದರೆ ಬಿರುಕು ಮರೆಯಾಗಿ ಕ್ರಮ ತಲೆಕೆಳಗಾಗುವುದಿಲ್ಲವೇ ಎಂದು ಕೇಳುತ್ತಾರೆ. ದುರಸ್ತಿಯೆಂದರೆ ಬಿರುಕಿನ ತುಟಿಗಳನ್ನು ಉಜ್ಜಿ ಸಮ ಮಾಡುವುದು. ಉಜ್ಜಿದರೆ ಮಣಿಯ ಗುಂಡಿಯ ಆಳ ಕಡಿಮೆಯಾಗುತ್ತದೆ, ಆ ಜಾಗದ ಮಣಿಗಳು ನೆರೆಯವಕ್ಕಿಂತ ಚಪ್ಪಟೆಯಾಗಿ ಬರುತ್ತವೆ. ದುರಸ್ತಿಯೂ ತನ್ನ ಗುರುತು ಬಿಟ್ಟೇ ಹೋಗುತ್ತದೆ, ಆ ಗುರುತೂ ಸಾಲಿನಲ್ಲಿ ಒಂದು ಮೆಟ್ಟಿಲೇ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಚೌಕಟ್ಟುಗಳನ್ನು ಒತ್ತಿ ಡಬ್ಬಿಯಲ್ಲಿ ತುಂಬಿಡುತ್ತಾರೆ, ಬೇಕಾದಾಗ ಕೈಗೆ ಸಿಕ್ಕದ್ದನ್ನು ತೆಗೆದು ಜೋಡಿಸುತ್ತಾರೆ. ಹಾಗಿದ್ದಮೇಲೆ ಒತ್ತಿದ ಕ್ರಮವೇ ಜೋಡಣೆಯ ಕ್ರಮ ಹೇಗಾದೀತು? ಆಗಲಾರದು, ಒಪ್ಪುತ್ತೇನೆ. ಯುದ್ಧಕಾಲದಲ್ಲಿ ಒತ್ತಿದ ಚೌಕಟ್ಟೊಂದು ಡಬ್ಬಿಯ ತಳದಲ್ಲಿ ಉಳಿದು ಓಕ್ ಎಲೆಯ ತಿರುಳನ್ನು ಸೇರಿಕೊಂಡಿರಬಹುದು. ಆಗ ಗಡಿಕಲ್ಲು ಇರಬೇಕಾದದ್ದಕ್ಕಿಂತ ಹಿಂದಕ್ಕೆ ಸರಿದು, ಅದಕ್ಕಿಂತ ಸ್ವಲ್ಪವೇ ಬಲಿತ ಯುದ್ಧಕಾಲದ ಶಿಲುಬೆಗೆ ಅನ್ಯಾಯವಾಗುತ್ತದೆ. ಇದಕ್ಕೆ ಪರಿಹಾರ ಶಿಲುಬೆಯಲ್ಲೇ ಇದೆ. ಪ್ರತಿ ಶಿಲುಬೆಗೂ ಎರಡು ಚೌಕಟ್ಟು; ಜೋಡಣೆ ಯಾವಾಗಲೂ ಇವೆರಡರಲ್ಲಿ ಈಚಿನದಕ್ಕಿಂತ ಈಚೆಗೆ. ಒಂದೇ ಶಿಲುಬೆಯ ಮುಂದಿನ, ಹಿಂದಿನ ಚೌಕಟ್ಟುಗಳ ಬಿರುಕು ಎಷ್ಟು ದೂರ ದೂರ ಬೀಳುತ್ತದೆ ಎಂದು ಹಲವು ಶಿಲುಬೆಗಳಲ್ಲಿ ನೋಡಿದರೆ ಡಬ್ಬಿ ಎಷ್ಟು ಕಲಸಿತ್ತು ಎಂಬುದರ ಅಂದಾಜೂ ಸಿಗುತ್ತದೆ. ಅಷ್ಟು ಅಂತರವನ್ನು ಗಡಿಕಲ್ಲಿನ ಎರಡೂ ಬದಿಗೆ ಸಂಶಯದ ಪಟ್ಟಿಯಾಗಿ ಬಿಟ್ಟು, ಅದರೊಳಗೆ ಬಿದ್ದ ಶಿಲುಬೆಯ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟು ಸರಳವಾದ ಪರೀಕ್ಷೆಗೆ ಬೇಕಾದದ್ದು ಎರಡೂ ಮಗ್ಗುಲಿನ ಸ್ಪಷ್ಟ ಚಿತ್ರ. ಹರಾಜು ಪಟ್ಟಿಗಳಲ್ಲಿ ಅಚ್ಚಾಗುವುದು ಮುಂಭಾಗದ ಚಿತ್ರ, ಬಹಳವೆಂದರೆ ಹಿಂಭಾಗದ ಮುದ್ರೆಯ ಹತ್ತಿರದ ನೋಟ. ನಾಲ್ಕು ತೋಳುಗಳನ್ನು ಗಡಿಯಾರದಂತೆ 12, 3, 6, 9 ಎಂದು ಗುರುತಿಸುವ ವಾಡಿಕೆ ಬಂದು ಎಷ್ಟೋ ಕಾಲವಾಯಿತು. ನಾಲ್ಕೂ ತೋಳಿನ ಮಣಿಸಾಲನ್ನು ಎರಡೂ ಕಡೆಯಿಂದ ತೋರಿಸುವ ಸೌಜನ್ಯ ಮಾತ್ರ ಇನ್ನೂ ಬಂದಿಲ್ಲ.

ಎರಕದ ನಕಲುಗಳ ಬಗ್ಗೆ ಒಂದು ಮಾತು. ಅಸಲಿ ಚೌಕಟ್ಟಿನಿಂದ ಪಡಿಯಚ್ಚು ತೆಗೆದು ಬೆಳ್ಳಿ ಎರೆದರೆ ಬಿರುಕಿನ ಉಬ್ಬೂ ನಕಲಿಗೆ ಬರುತ್ತದೆ, ಆದ್ದರಿಂದ ಉಬ್ಬು ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಆದರೆ ಬೆಳ್ಳಿ ತಣಿಯುವಾಗ ಕುಗ್ಗುತ್ತದೆ. ನಕಲು ಮೂಲಕ್ಕಿಂತ ಕೊಂಚ ಸಣ್ಣದಾಗುತ್ತದೆ, ಮಣಿಗಳ ನಡುವಿನ ಕಣಿವೆ ಮೊಂಡಾಗುತ್ತದೆ, ಸಾಲಿನ ಬುಡದಲ್ಲಿ ಗಾಳಿಗುಳ್ಳೆಯ ಗುಳಿಗಳು ಕಾಣುತ್ತವೆ. ಅಳತೆಕಡ್ಡಿ ಮತ್ತು ತಾಳ್ಮೆ ಇದ್ದರೆ ಸಾಕು.

ಉಳಿದ ಜನಪ್ರಿಯ ಪರೀಕ್ಷೆಗಳಿಗೆ ನಾನು ಹೆಚ್ಚು ಜಾಗ ಕೊಡಲಾರೆ. ಅಯಸ್ಕಾಂತ ಹಿಡಿದು ತಿರುಳು ಕಬ್ಬಿಣವೋ ಎಂದು ನೋಡುವುದು: 1957ರ ಈಚೆಗೂ ಕಬ್ಬಿಣಕ್ಕೆ ಬರವಿರಲಿಲ್ಲ. ಅತಿನೇರಳೆ ದೀಪದಲ್ಲಿ ರಿಬ್ಬನ್ ಹೊಳೆಯುತ್ತದೆಯೇ ಎಂದು ನೋಡುವುದು: ಹೊಳೆದರೆ ರಿಬ್ಬನ್ ಹೊಸದು ಎಂದಾಯಿತು; ರಿಬ್ಬನ್ ಬದಲಿಸುವುದು ಅರೆ ನಿಮಿಷದ ಕೆಲಸ. 935, 4 ಎಂಬ ಮುದ್ರೆಯನ್ನು ನಂಬುವುದು: ಅದು ಸುತ್ತಿಗೆಯ ಒಂದು ಏಟು. ಪದಕವಿಭಾಗದ ಅಧಿಕಾರಿ ಹೈನ್‌ರಿಷ್ ಡ್ಯೋಲೆ 1943ರಲ್ಲಿ ಹೊರತಂದ ಅಧಿಕೃತ ಕೈಪಿಡಿಯನ್ನು ವೇದವಾಕ್ಯದಂತೆ ಉಲ್ಲೇಖಿಸುವವರೂ ಇದ್ದಾರೆ. ನಿಯಮಗಳಿಗೆ ಅದು ಪ್ರಮಾಣವೇ ಸರಿ, ಅಚ್ಚಿನ ಬಿರುಕಿಗಲ್ಲ.

ಕುಟುಂಬದ ಹೇಳಿಕೆಯ ಪ್ರಶ್ನೆ ನಾಜೂಕಿನದು. ಅಜ್ಜನಿಗೆ ರಿಟರ್‌ಕ್ರಾಯ್ಟ್ಸ್ ಬಂದದ್ದಕ್ಕೆ ಪ್ರಮಾಣಪತ್ರವಿದೆ, ಸೈನಿಕನ ಕೈಪುಸ್ತಕ ಸೋಲ್ಡ್‌ಬೂಖ್‌ನಲ್ಲಿ ನಮೂದಿದೆ, ಕೊರಳಲ್ಲಿ ಶಿಲುಬೆಯಿರುವ ಫೋಟೋ ಇದೆ, ಶಿಲುಬೆ ಅವನ ಮೇಜಿನ ಖಾನೆಯಲ್ಲೇ ಸಿಕ್ಕಿದೆ. ಆದರೆ ಅದರ ಮಣಿಸಾಲಿನಲ್ಲಿ 57ರ ಈಚಿನ ಬಿರುಕಿದೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಸೆರೆಶಿಬಿರದಲ್ಲಿ ಜಪ್ತಿಯಾದ ಪದಕಕ್ಕೆ ಬದಲಾಗಿ ಆಮೇಲೆ ಇನ್ನೊಂದನ್ನು ಕೊಂಡು ಖಾನೆಯಲ್ಲಿಟ್ಟುಕೊಂಡವರಿದ್ದರು. 7,000ಕ್ಕೂ ಮಿಕ್ಕಿ ಜನ ಈ ಪದಕ ಪಡೆದಿದ್ದರು. ಪದಕ ಸಿಕ್ಕಿದ್ದು ನಿಜ, ಈ ಪದಕ ಆ ಪದಕವಲ್ಲ ಎಂಬುದೂ ನಿಜ. ವ್ಯಾಪಾರಿಗಳು ಈ ಎರಡನ್ನು ಬೇಕೆಂದೇ ಕಲಸುತ್ತಾರೆ: ಕಾಗದದ ಸತ್ಯವನ್ನು ಲೋಹಕ್ಕೆ ಹಚ್ಚಿ ಮಾರುತ್ತಾರೆ. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಿಬಿಡಬೇಕು. ಈ ಪದಕ ಕೊಟ್ಟದ್ದು ಯಾವ ಸರಕಾರ, ಎಂಥ ಯುದ್ಧಕ್ಕೆ ಎಂಬುದನ್ನು ಮರೆತು ಶೌರ್ಯದ ಕಥೆಗಳನ್ನು ಹೊಸೆಯುವ ಸಂಗ್ರಹಕಾರರ ಜೊತೆ ನನ್ನ ಹೆಸರು ಸೇರುವುದು ಬೇಡ. ಸ್ವಸ್ತಿಕವನ್ನು ಸಾರ್ವಜನಿಕವಾಗಿ ತೋರುವುದನ್ನು ಜರ್ಮನಿಯ ದಂಡಸಂಹಿತೆಯ 86ಎ ಕಲಂ ಅಪರಾಧವೆನ್ನುತ್ತದೆ, ಸಂಶೋಧನೆ ಮತ್ತು ಬೋಧನೆಗೆ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಗೆ ಅರ್ಹವಾಗುವಂಥ ಬರವಣಿಗೆ ಈ ಕ್ಷೇತ್ರದಲ್ಲಿ ತೀರ ಹೆಚ್ಚೇನೂ ಇಲ್ಲ.

ಕಡೆಯದಾಗಿ, ನಮ್ಮವರಿಗೆ ನೇರ ಸಂಬಂಧವಿರುವ ಒಂದು ಪ್ರಕರಣ. ಸುಭಾಷ್‌ಚಂದ್ರ ಬೋಸ್ ಜರ್ಮನಿಯಲ್ಲಿದ್ದಾಗ ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳು, ಅಂದರೆ ಶೇರ್-ಎ-ಹಿಂದ್, ಸರ್ದಾರ್-ಎ-ಜಂಗ್, ವೀರ್-ಎ-ಹಿಂದ್ ಮುಂತಾದವು, ತಯಾರಾದದ್ದು ವಿಯೆನ್ನಾದ ರುಡೋಲ್ಫ್ ಸೌವಾಲ್ ಕಾರ್ಖಾನೆಯಲ್ಲಿ. ಜರ್ಮನ್ ಸೇನೆಯ 950ನೇ ಪದಾತಿ ರೆಜಿಮೆಂಟಿನ ಭಾರತೀಯ ಸೈನಿಕರಿಗೂ ಅವರ ಜೊತೆಗಿದ್ದ ಜರ್ಮನರಿಗೂ ಅವುಗಳನ್ನು ಕೊಡಲಾಯಿತು. ಈಗ ಅವು ಹರಾಜಿಗೆ ಬಂದಾಗ ದೇಶಭಕ್ತಿಯ ಆವೇಶದಲ್ಲಿ ಬೆಲೆ ಕೂಗುವವರು ಅಚ್ಚಿನ ಪ್ರಶ್ನೆ ಕೇಳುವುದಿಲ್ಲ. ಕೇಳಿದರೂ ಮೇಲಿನ ಪದ್ಧತಿ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬಿರುಕಿನ ಸಾಲು ಕಟ್ಟಬಹುದು, ಆದರೆ ಅದರಲ್ಲಿ ನೆಡಲು ಗಡಿಕಲ್ಲಿಲ್ಲ: 1957ರ ಜರ್ಮನ್ ಕಾನೂನಿಗೆ ಈ ಪದಕಗಳ ಜೊತೆ ವ್ಯವಹಾರವಿರಲಿಲ್ಲ, ವಿಯೆನ್ನಾ ಅಷ್ಟರಲ್ಲಿ ಮತ್ತೆ ಬೇರೆಯ ದೇಶಕ್ಕೆ ಸೇರಿತ್ತು, ಯಾವ ಬದಲಿ ತಿರುಳೂ ಇಲ್ಲಿ ಕಾಲವನ್ನು ಬರೆದಿಟ್ಟಿಲ್ಲ. ಹಾಗಾಗಿ ಈ ಪದಕಗಳ ಅಧ್ಯಯನ ಸೈನಿಕರ ಮನೆಗಳಿಂದ ಶುರುವಾಗಬೇಕು. ಪ್ರಮಾಣಪತ್ರದ ಜೊತೆಗೇ ಉಳಿದು, 1945ಕ್ಕೆ ಮೊದಲೇ ಮನೆ ಸೇರಿದ್ದೆಂದು ತೋರಿಸಬಹುದಾದ ಪದಕಗಳನ್ನು ಹುಡುಕಿ, ಎರಡೂ ಮಗ್ಗುಲಿನ ಚಿತ್ರ ತೆಗೆದು ಪ್ರಕಟಿಸುವ ಕೆಲಸ ಮೊದಲು ಆಗಬೇಕು. ಹರಾಜಿನ ಪಟ್ಟಿಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದು ಆಮೇಲಿನ ಮಾತು.